ಕತ್ತಲಿ ಕಥಿ ಕೊನಿಗೆ ಬೆಳಕಿನ ಮಾತು ಬಂದ್ರ ಅದನ್ನ ಹ್ಯಾಂಗ ತಿಳ್ಕೋಬೇಕು

ಹೋದ ಬ್ಯಾಸಗಿ ಮಾತಿದು. ಕಲಬುರಗಿ ಬಿಸಿಲು ಗೊತ್ತಲ್ರಿ, ರಾತ್ರಿ ಹತ್ತಾದ್ರೂ ಗ್ವಾಡಿ ಮುಟ್ಟಿದ್ರ ರೊಟ್ಟಿ ಹಂಚು ಮುಟ್ದಂಗ ಆಗ್ತಾದ, ಅದಕ್ಕ ನಾನು, ಕಾಕಾ, ಕಾಕಾನ ಮಗ ಮೂರೂ ಮಂದಿ ಮಾಳಿಗಿ ಮ್ಯಾಲ ಹಾಸ್ಕೊಂಡು, ನಡುವ ನೀರಿನ ಕೊಡ ಇಟ್ಕೊಂಡು, ಒಂದ್ ಲ್ಯಾಪ್‌ಟಾಪ್ ಮುಂದ ಕುಂತು ಟ್ರೂ ಡಿಟೆಕ್ಟಿವ್ ಅನ್ನೋ ಅಮೇರಿಕಾದ ಪೊಲೀಸ್ ಟಿವಿ ಶೋದ ಮೊದಲ್ನೇ ಸೀಸನ್ ದಿನಕ್ಕೆರಡು ಎಪಿಸೋಡ್ ಹಂಗ ನಾಕು ರಾತ್ರಿದಾಗ ಮುಗ್ಸಿದ್ವಿ. ಮುಗ್ದಿದ್ದೇ ತಡ ಕಾಕಾನ ಮಗ, ಅಂದ್ರ ನಮ್ ತಮ್ಮ, ಲ್ಯಾಪ್‌ಟಾಪ್ ಧಡಕ್ಕನ ಮುಚ್ಚಿ, "ಏನಣ್ಣ ಇದು, ಎಂಟು ತಾಸು ಹೆಣ, ಹುಚ್ಚರು, ಸಣ್ ಮಕ್ಕಳ ಗೋಳು ತೋರ್ಸಿ ಕೊನಿಗೆ ಬೆಳಕು ಗೆಲ್ಲಾಕತ್ತದ ಅಂತ ಒಂದ್ ಡೈಲಾಗ್ ಹೊಡ್ದು ಮನಿಗಿ ಕಳಿಸ್ತಾರ, ಪೂರಾ ಮೋಸ" ಅಂದ. ಕಾಕಾ ಏನೂ ಅನ್ಲಿಲ್ಲ. ಅವ್ರು ಹವಾಲ್ದಾರ್ ಆಗಿ ರಿಟೈರ್ ಆದವ್ರು, ಪೊಲೀಸ್ ಕಥಿ ನೋಡುವಾಗ ಅವ್ರು ಬಾಯಿ ಬಿಡೋದು ಬರೇ ಪಂಚನಾಮಿ ತಪ್ಪು ಮಾಡಿದ್ರ ಮಾತ್ರ.

ತಮ್ಮ ಅಂದಂಗ ಅನ್ನೋರು ಭಾಳ ಮಂದಿ ಅದಾರ, ಅದಕ್ಕ ಬರಿಯಾಕತ್ತೀನಿ. ಇಂಥಾ ಕೊನೀನ ಹ್ಯಾಂಗ ನೋಡ್ಬೇಕು, ಆಸಿ ಖರೇ ಅದನೋ ಇಲ್ಲಾ ಮ್ಯಾಲ ಬಳ್ದ ಸುಣ್ಣನೋ ಹ್ಯಾಂಗ ಪರೀಕ್ಷಾ ಮಾಡ್ಬೇಕು ಅಂತ. ಉದಾಹರಣಿ ಇದೇ ಶೋ ತಗೋತೀನಿ, ನೋಡದವ್ರು ಇಲ್ಲೇ ನಿಲ್ರಿ, ಮುಂದ ಎಲ್ಲಾ ಬಿಚ್ಚಿ ಹೇಳಾಂವ ಇದೀನಿ.

ಮೊದ್ಲು ತಲಿಯಿಂದ ಒಂದು ತಗೀರಿ. ನಮ್ ಕಡಿ ಬಯಲಾಟ ನೋಡಿ ಬೆಳ್ದವ್ರಿಗಿ ಕೊನಿ ಅಂದ್ರ ಮಂಗಳ. ರಾತ್ರಿ ಎಲ್ಲಾ ಎಷ್ಟು ರಕ್ಕಸರು ಕುಣೀಲಿ, ಎಷ್ಟು ತಲಿ ಉರುಳ್ಲಿ, ಬೆಳಕು ಹರಿಯೋದ್ರಾಗ ಆರತಿ ಎತ್ತಿ ಮಂಗಳ ಹಾಡಿ ಎಲ್ಲಾ ತೊಳ್ದು ಕಳಿಸ್ತಾರ, ಅದರ ಕೆಲಸಾನೇ ಅದು. ಇಂಥಾ ಶೋದಾಗ ಕೊನಿಗೆ ಬೆಳಕಿನ ಮಾತು ಬಂದ ಕೂಡ್ಲೇ ನಮ್ ಮನಸು ಅದನ್ನೂ ಮಂಗಳ ಅಂತ ತಿಳ್ಕೋತದ, ತಿಳ್ಕೊಂಡು ಮತ್ತ ಇದು ಸರಿ ಆಗ್ಲಿಲ್ಲ ಅಂತ ಸಿಟ್ಟೂ ಮಾಡ್ತದ. ಇಲ್ಲಿ ಯಾರೂ ಆರತಿ ಎತ್ತಿಲ್ರಿ. ಇಬ್ರು ಮುದಿ ಆಗ್ಲಾಕತ್ತ ಗಂಡಸರು, ದವಾಖಾನಿ ಹೊರಗ ಗಾಡಿ ನಿಲ್ಸೋ ಜಾಗಾದಾಗ, ಒಬ್ಬಾಂವ ಗಾಲಿ ಕುರ್ಚಿ ಮ್ಯಾಲ, ಇನ್ನೊಬ್ಬಾಂವ ದೂಡಕೋತ. ಅಷ್ಟೇ.

ಎರಡ್ನೇದು, ಕಥಿ ನಡು ಒಂದ್ ಸುಳ್ಳು ಕೊನಿ ಅದ ಏನು ಅಂತ ಹುಡುಕ್ರಿ. ಛೊಲೋ ಕತ್ತಲಿ ಕಥಿ ಇದ್ರ ಬಹುತೇಕ ಇರ್ತಾದ. ಇಲ್ಲಿ ಅದು ಐದನೇ ಎಪಿಸೋಡಿನಾಗ ಅದ. 1995ರಾಗ ಲೂಸಿಯಾನಾದ ಕಬ್ಬಿನ ಹೊಲದಾಗ ಒಂದ್ ಮರದ ಕೆಳಗ ಡೋರಾ ಲ್ಯಾಂಗ್ ಅನ್ನೋ ಹೆಣ್ಮಗಳ ಹೆಣ ಸಿಗ್ತಾದ (ನಮ್ ಅಫಜಲಪುರ ಕಡಿ ಕಬ್ಬು ನೋಡ್ದವ್ರಿಗಿ ಆ ಹೊಲ ಪರದೇಶ ಅನ್ಸಂಗೇ ಇಲ್ಲ), ರಸ್ಟ್ ಕೋಲ್, ಮಾರ್ಟಿ ಹಾರ್ಟ್ ಅಂತ ಇಬ್ರು ಡಿಟೆಕ್ಟಿವ್ ಹಿಂದ ಬಿದ್ದು ರೆಜಿ ಲೆಡೂ ಅನ್ನೋನ ಹಿಡೀತಾರ. ಹಿಡ್ದ ಮ್ಯಾಗ ಅಲ್ಲಿ ಮಕ್ಕಳನ್ನ ಕೂಡಿ ಹಾಕಿದ್ದು ನೋಡಿ ಮಾರ್ಟಿ ಸಿಟ್ಟಿಗೆದ್ದು ಕೈಕೋಳ ಹಾಕಿದಾಂವನ ತಲಿಗಿ ಗುಂಡು ಹೊಡೀತಾನ, ರಸ್ಟ್ ಬಂದೂಕ ತಗೊಂಡು ಎದುರಿನವ್ರೇ ಹೊಡ್ದಂಗ ಗುಂಡು ಹಾರ್ಸಿ ಜಾಗಾ ಸಜ್ಜು ಮಾಡ್ತಾನ, ಆಮ್ಯಾಲ ಇಬ್ರೂ ಕೂಡಿ ಅದೇ ಸುಳ್ಳು ಹೇಳ್ತಾರ. ಹೆಸರು ಬರ್ತಾದ, ಕೇಸ್ ಮುಗೀತು ಅಂತ ಊರಿಗಿ ಊರೇ ನಂಬ್ತಾದ. ಆದ್ರ ಮುಗ್ದಿರಂಗಿಲ್ಲ.

ಈಗ ಆ ಸುಳ್ಳು ಕೊನೀನ ಖರೇ ಕೊನಿ ಮಗ್ಗಲಾಗ ಇಟ್ಟು ನೋಡ್ರಿ. ಮೊದಲ್ನೇ ಸಲ ಗೆದ್ದೀವಿ ಅಂತ ಹೇಳ್ದಾಗ ಸುಳ್ಳಿತ್ತು, ಮೈಮ್ಯಾಲ ಒಂದ್ ಗಾಯ ಇರ್ಲಿಲ್ಲ. 2012ರಾಗ ಇಬ್ರೂ ನೌಕರಿ ಬಿಟ್ಟವ್ರು, ಮತ್ತ ಕೂಡಿ ಹುಡಕಿ ಎರಲ್ ಚೈಲ್ಡ್ರೆಸ್ ಅನ್ನೋ ಖರೇ ಕೊಲಿಗಾರನ ಜಾಡು ಹಿಡ್ದು ಹೋದಾಗ ಒಬ್ಬಾಂವಗ ಹೊಟ್ಟಿದಾಗ ಚಾಕು, ಇನ್ನೊಬ್ಬಾಂವಗ ಎದಿಗಿ ಕೊಡ್ಲಿ. ಮತ್ತ ಈ ಸಲ ಗೆದ್ದೀವಿ ಅಂತ ಯಾರೂ ಎದಿ ತಟ್ಕೊಳಂಗಿಲ್ಲ. ದವಾಖಾನಿ ಟಿವಿದಾಗ ನ್ಯೂಸ್ ಬರ್ತಾದ ನೋಡ್ರಿ, ಕೊಲಿಗಾರನಿಗೂ ಟಟಲ್ ಅನ್ನೋ ದೊಡ್ ಮನೆತನದ ಸೆನೆಟರ್‌ಗೂ ಸಂಬಂಧ ಅದ ಅನ್ನೋ ಮಾತು ಸುಳ್ಳು ಅಂತ ದೊಡ್ ಆಫೀಸಿನವ್ರು ತಳ್ಳಿ ಹಾಕ್ತಾರ, ಅದನ್ನ ಬಿಟ್ಟು ಮುಂದ ಹೋಗಬ್ಯಾಡ್ರಿ. ನಮ್ ತಮ್ಮ ಆ ಹೊತ್ತಿನಾಗ ನೀರ್ ಕುಡೀಲಾಕ ಎದ್ದಿದ್ದ. ದೊಡ್ಡವ್ರು ಸಿಗ್ಲಿಲ್ಲ ಅನ್ನೋದನ್ನ ಶೋನೇ ಬಾಯಿ ಬಿಟ್ಟು ಹೇಳ್ಯಾದ, ಮುಚ್ಚಿಟ್ಟಿಲ್ಲ. ಮಾರ್ಟಿನೂ ಹೇಳ್ತಾನ, ಎಲ್ಲಾರನ್ನೂ ಹಿಡೀಲಾಕ ಆಗಂಗಿಲ್ಲ, ನಮ್ ಪಾಲಿಂದು ನಾವು ಹಿಡ್ದೀವಿ ಅಂತ.

ಇದೇ ನನ್ನ ಪರೀಕ್ಷಾ. ಆಸಿ ಮಾತು ನಂಬ್ಲಾಕ ಹಿಂದ ತೋರಿಸಿದ್ದು ಯಾವ್ದನ್ನಾದ್ರೂ ನೀವು ಮರೀಬೇಕಾಗ್ತಾದೇನು? ಮರೀಬೇಕಾದ್ರ ಅದು ಸುಣ್ಣ. ಎಲ್ಲಾ ಹೊಲಸು ಕಣ್ಮುಂದೇ ಇದ್ದೂ ಆ ಮಾತು ನಿಲ್ತಾದ ಅಂದ್ರ ಖರೇ. ಒಂದ್ ಹಾಳಿ ತಗೊಂಡು ಯಾರ್ ಸಿಕ್ರು, ಯಾರ್ ಉಳ್ದ್ರು, ಯಾರ್ ಸತ್ರು ಬರ್ಕೊಂಡು ನೋಡ್ರಿ, ಕಾಕಾ ಹಂಗ ಕೇಸ್ ಡೈರಿ ಬರ್ದಂಗ. ಬೇರೆ ಯಾವ್ ಶೋಕ್ಕಾದ್ರೂ ಇದು ನಡೀತಾದ.

ಈಗ ಗಾಲಿ ಕುರ್ಚಿ ಸೀನಿಗಿ ಬರೂಣು, ಇಲ್ಲಿ ಜರಾ ಹೊತ್ತು ಕುಂದರಬೇಕು. ಎಲ್ಲಾರೂ ಕೊನೀ ಮಾತೊಂದೇ ಹಿಡ್ಕೋತಾರ, ನೀವು ಅದನ್ನ ಬಿಟ್ಟು ಹತ್ತು ನಿಮಿಷ ಹಿಂದ ಹೋಗಿ ಮಾತು ಯಾವ ಕ್ರಮದಾಗ ಬರ್ತಾವ ನೋಡ್ರಿ. ಮೊದ್ಲು ಮಾರ್ಟಿ ಒಂದ್ ಸಣ್ ಗಿಫ್ಟ್ ಕೊಡ್ತಾನ, ಬಿಚ್ಚಿದ್ರ ಸಿಗರೇಟ್ ಪಾಕೀಟ್. ಆಮ್ಯಾಲ ರಸ್ಟ್ ತಾ ಇಲ್ಲಿ ಇರಬಾರ್ದಿತ್ತು ಅಂತಾನ. ಎಚ್ಚರ ತಪ್ಪಿ ಬಿದ್ದಾಗ ಕತ್ತಲಿ ಕೆಳಗ ಇನ್ನೊಂದ್ ಆಳದ ಕತ್ತಲಿ ಇತ್ತು, ಬೆಚ್ಚಗಿತ್ತು, ಅಲ್ಲಿ ಸತ್ತ ಮಗಳು ಇದ್ದಳು, ಅಪ್ಪನೂ ಇದ್ದ, ಬರೇ ಪ್ರೀತಿ ಇತ್ತು, ಹೂಂ ಅಂತ ಕೈ ಬಿಟ್ಟೆ, ಎಚ್ಚರ ಆಗಿಬಿಡ್ತು ಅಂತ ಹೇಳಿ ಅಳ್ತಾನ. ಈ ಮನುಷ್ಯ ಎಂಟು ಎಪಿಸೋಡ್‌ದಾಗ ಹಿಂಗ ಅತ್ತಿದ್ದು ಇದೇ ಮೊದಲ್ನೇ ಸಲ. ಮತ್ತ ಗಮನಿಸ್ರಿ, ಪ್ರೀತಿ ಸಿಕ್ಕಿದ್ದು ಬೆಳಕಿನಾಗ ಅಲ್ಲ, ಕತ್ತಲಿ ಒಳಗ. ಹಂಗಾಗಿ ಕತ್ತಲಿ ಅಂದ್ರ ಕೆಟ್ಟದ್ದು ಬೆಳಕು ಅಂದ್ರ ಛೊಲೋದು ಅಂತ ಸಣ್ ಹುಡುಗ್ರ ಲೆಕ್ಕ ಇಲ್ಲಿ ಕೂಡಂಗಿಲ್ಲ.

ಆಮ್ಯಾಲ ನಕ್ಷತ್ರದ ಮಾತು ಯಾರ್ ತಗೀತಾರ? ಮಾರ್ಟಿ! ಇದನ್ನ ನಾನು ಮೂರ್ನೇ ಸಲ ನೋಡಿದಾಗ ಗಮನಿಸಿದ್ದು, ಮೊದ್ಲೆರಡು ಸಲ ಪೂರಾ ತಪ್ಪಿತ್ತು. ಚಿಕ್ಕಿ ನೋಡ್ಕೋತ ಮಲಕ್ಕೊಂಡು ಕಥಿ ಕಟ್ತಿದ್ದಿ ಅಂತ ಒಂದಿನ ಊಟಕ್ಕ ಕುಂತಾಗ ಹೇಳಿದ್ದಿಲ್ಲ ನೀ, ಅಂತ ಮಾರ್ಟಿ ಕೇಳ್ತಾನ, ಗೆಳೆಯಾ ಅಳ್ಲಾಕತ್ಯಾನಲ್ಲ, ಹ್ಯಾಂಗರ ಮಾಡಿ ಮಾತು ಬೇರೆ ಕಡಿ ತಿರುಗಿಸ್ಬೇಕು ಅಂತ. ಮೊದಲ್ನೇ ಎಪಿಸೋಡ್ ನೆನಪ ಮಾಡ್ಕೊಳ್ರಿ, ಇದೇ ಮಾರ್ಟಿ ಕಾರಿನಾಗ ರಸ್ಟ್ ತತ್ವ ಶುರು ಹಚ್ಚಿದ ಕೂಡ್ಲೇ ಬಾಯಿ ಮುಚ್ಕೊಂಡು ಕುಂದುರು, ಈ ಕಾರು ಸುಮ್ಮನ ಕುಂದ್ರೋ ಜಾಗಾ ಅನ್ನೋ ಧಾಟಿದಾಗ ಮಾತಾಡ್ದಾಂವ. 17 ವರ್ಷ ಆದ ಮ್ಯಾಗ ಅಂವಾನೇ ಕೇಳ್ತಾನ, ನಿನ್ ಕಥಿ ಹೇಳು ಅಂತ. ಎಂಟೂ ಎಪಿಸೋಡ್ ನಿಕ್ ಪಿಜೊಲಾಟೊ ಬರ್ದು ಕ್ಯಾರಿ ಫುಕುನಾಗ ಒಬ್ನೇ ಡೈರೆಕ್ಷನ್ ಮಾಡ್ಯಾನ, ಅದಕ್ಕ ಮೊದಲ್ನೇದಕ್ಕ ಹಚ್ಚಿದ ಗಂಟು ಎಂಟನೇದ್ರಾಗ ಬಿಚ್ಚತದ ಅಂತ ಧೈರ್ಯದಿಂದ ಓದ್ಬೌದು, ಬರೆಯವ್ರು ಬದಲಾಗ್ಕೋತ ಹೋಗೋ ಶೋದಾಗ ಇಷ್ಟು ದೂರದ ಗಂಟು ಹುಡುಕ್ಲಾಕ ಹೋದ್ರ ಪಜೀತಿ.

ರಸ್ಟ್ ಹೇಳ್ತಾನ ಇರೋದು ಒಂದೇ ಕಥಿ, ಎಲ್ಲಾಕ್ಕಿಂತ ಹಳೇದು, ಬೆಳಕು ಮತ್ತ ಕತ್ತಲಿದು ಅಂತ. ಮಾರ್ಟಿ ಮ್ಯಾಲ ನೋಡಿ ಕತ್ತಲಿ ಜಾಗಾನೇ ಭಾಳ ಕಾಣ್ತದಲ್ಲೋ ಅಂತಾನ. ಇಲ್ಲಿ ರಸ್ಟ್ ವಾದ ಮಾಡಂಗಿಲ್ಲ, ಹೌದು, ನಿಂದು ಖರೇ ಅದ ಅಂತ ಒಪ್ಕೋತಾನ! ಆಮ್ಯಾಲ ದವಾಖಾನಿ ಬಿಟ್ಟು ಹೋಗೂಣು ಅಂತಾನ, ಬಟ್ಟಿಬರಿ ತರ್ಬೇಕೇನು ಅಂತ ಕೇಳಿದ್ರ ಅಲ್ಲಿ ಬಿಟ್ಟಿದ್ದು ಏನೂ ಬ್ಯಾಡ ಅಂತಾನ, ಮಾರ್ಟಿ ಹೆಗಲು ಕೊಟ್ಟು ಎಬ್ಬಿಸ್ತಾನ, ನಾಕು ಹೆಜ್ಜಿ ನಡೀತಾರ, ಆಗ ರಸ್ಟ್ ಹೇಳ್ತಾನ, ನೀ ಆಕಾಶ ನೋಡೋ ರೀತಿ ತಪ್ಪದ, ಒಂದ್ ಕಾಲಕ್ಕ ಬರೇ ಕತ್ತಲಿನೇ ಇತ್ತು, ನನ್ ಕೇಳಿದ್ರ ಬೆಳಕೇ ಗೆಲ್ಲಾಕತ್ತದ ಅಂತ.

ಆ "ನನ್ ಕೇಳಿದ್ರ" ಅನ್ನೋದನ್ನ ಎಲ್ಲಾರೂ ನುಂಗಿಬಿಡ್ತಾರ್ರಿ. ಇದು ಶೋ ನಮಗ ಮಾಡೋ ಉಪದೇಶ ಅಲ್ಲ, ಹೊಟ್ಟಿ ಹೊಲಿಗಿ ಹಾಕ್ಸ್ಕೊಂಡ ಒಬ್ಬಾಂವ, ಗೆಳೆಯಾನ ಹೆಗಲ ಮ್ಯಾಲ ಭಾರ ಹಾಕಿ, ತನ್ನ ಅಭಿಪ್ರಾಯ ಹೇಳಾಕತ್ಯಾನ. ಮತ್ತ ಲೆಕ್ಕ ಏನೂ ಬದಲಾಗಿಲ್ಲ, ಕತ್ತಲಿ ಜಾಗಾ ಅಷ್ಟೇ ಅದ. ಅಂವ ನಿಂತ ಜಾಗಾ ಬದಲಾಗ್ಯಾದ.

ಇನ್ನೊಂದು ಸೂಕ್ಷ್ಮ ಅದ. ಕಾಲ ಅನ್ನೋದು ಚಪ್ಪಟಿ ಚಕ್ರ, ಆಗಿದ್ದೇ ಮತ್ತ ಮತ್ತ ಆಗ್ತದ ಅನ್ನೋ ಮಾತು ಈ ಶೋದಿಂದ ಭಾಳ ಓಡಾಡ್ತು, ಎಲ್ಲಾರೂ ಅದು ರಸ್ಟಿನ ಜ್ಞಾನ ಅಂತ ಹಂಚ್ಕೋತಾರ. ಐದನೇ ಎಪಿಸೋಡ್ ಮತ್ತ ನೋಡ್ರಿ, ಅದನ್ನ ಮೊದ್ಲು ಅಂದಾಂವ ಆ ಲೆಡೂ, ಕೊಲಿಗಾರ! ರಸ್ಟ್ ಅವಾಗ ಬಾಯಿ ಮುಚ್ಚು ಅಂದಿದ್ದ, ಆಮ್ಯಾಲ ಹೆಂಗೋ ಆ ಮಾತು ಅವನ ತಲಿದಾಗ ಕುಂತು 2012ರಾಗ ಅವನ ಬಾಯಿಂದಾನೇ ಹೊರಗ ಬಂತು. ಚಕ್ರದಾಗ "ಒಂದ್ ಕಾಲಕ್ಕ" ಅನ್ನೋದು ಇರಂಗಿಲ್ಲ, ಮೊದ್ಲು ಇಲ್ಲ ಕೊನಿ ಇಲ್ಲ. ಒಂದ್ ಕಾಲಕ್ಕ ಬರೇ ಕತ್ತಲಿ ಇತ್ತು, ಈಗ ಇಷ್ಟಾರ ಚಿಕ್ಕಿ ಅವ ಅಂದ ಗಳಿಗಿಗೆ ಅಂವ ಚಕ್ರದಿಂದ ಇಳ್ದ. ಆಸಿ ಬೆಳಕು ಅನ್ನೋ ಶಬ್ದದಾಗಿಲ್ಲ, ಆ "ಒಂದ್ ಕಾಲಕ್ಕ" ಅನ್ನೋದ್ರಾಗ ಅದ. ನಿಮ್ ಶೋದಾಗೂ ಹಿಂಗೇ ಹುಡುಕ್ರಿ, ಪಾತ್ರ ಕಥಿ ತುಂಬ ಯಾವ ವ್ಯಾಕರಣದಾಗ ಮಾತಾಡಿತ್ತು, ಕೊನಿಗೆ ಅದು ಎಲ್ಲಿ ಮುರೀತು ಅಂತ.

ವಿಜ್ಞಾನ ಓದ್ದವ್ರು ಯಾರಾದ್ರೂ ಇದ್ರ ತಕರಾರು ತಗೀತಾರ, ಗೊತ್ತದ. ಮಹಾಸ್ಫೋಟ ಆಗಿ ಕೋಟಿಗಟ್ಟಲೆ ವರ್ಷ ಖರೇನೇ ಒಂದ್ ಚಿಕ್ಕಿ ಇರ್ಲಿಲ್ಲ, ಅಲ್ಲಿತನಕ ರಸ್ಟಂದು ಸರಿ. ಆದ್ರ ಹೊಸ ಚಿಕ್ಕಿ ಹುಟ್ಟೋದು ಸುಮಾರು 1000 ಕೋಟಿ ವರ್ಷದ ಹಿಂದ ಜೋರಿತ್ತು, ಅಲ್ಲಿಂದ ಕಡಿಮಿ ಆಗ್ಕೋತ ಬಂದದ. ಲೆಕ್ಕಾ ಹಾಕಿದ್ರ ಬೆಳಕು ಗೆಲ್ಲಾಕತ್ತದ ಅಂತ ಗ್ಯಾರಂಟಿ ಕೊಡ್ಲಾಕ ಆಗಂಗಿಲ್ಲ. ಇರ್ಲಿ ಬಿಡ್ರಿ, ಸಮಾಧಾನದ ಮಾತಿಗಿ ಯಾರ್ ರಸೀದಿ ಕೇಳ್ತಾರ.

ಹಳದಿ ರಾಜ, ಕಾರ್ಕೋಸಾ ಅಂತ ಹೆಸರು ಬರ್ತಾವಲ್ಲ, ಅವು 1895ರ ಒಂದ್ ಕಥಾ ಪುಸ್ತಕದ ಕಡಿಯಿಂದ ಬಂದವು. ಅದರ ಹಿಂದ ಸುಳಿವು ಹುಡುಕ್ಕೋತ ಹೋದವ್ರೇ ಕೊನಿಗೆ ಭಾಳ ನಿರಾಶಿ ಆಗಿದ್ದು, ಯಾಕಂದ್ರ ಅವ್ರಿಗಿ ಒಗಟಿನ ಉತ್ತರ ಬೇಕಿತ್ತು, ಸಿಕ್ಕಿದ್ದು ಇಬ್ರ ಗೆಳೆತನ. ಮೊದಲ್ನೇ ಸಲ ನೋಡುವಾಗ ಈ ಚಟ ಬ್ಯಾಡ.

ಮತ್ತ ಮನಿಮಂದಿ ಸೀನ್ ಅದ ನೋಡ್ರಿ, ಬಿಟ್ಟ ಹೆಂಡ್ತಿ, ಹೆಣ್ಮಕ್ಕಳು ಮಾರ್ಟಿ ಹಾಸಿಗಿ ಮಗ್ಗಲಾಗ ಬಂದು ನಿಲ್ತಾರ, ನಾ ಆರಾಮ ಇದೀನಿ ಅಂತ ನಗ್ಲಾಕ ಹೋಗಿ ಅಳ್ಲಾಕ ಚಾಲೂ ಮಾಡ್ತಾನ. ಇದನ್ನ ಮನಿ ಮತ್ತ ಕೂಡ್ತು ಅಂತ ಓದಬ್ಯಾಡ್ರಿ. ಅವ್ರು ನೋಡ್ಲಾಕ ಬಂದಾರ, ನೋಡಿ ಹೋಗ್ತಾರ. ನನ್ ಮಟ್ಟಿಗಿ ಚಿಕ್ಕಿ ಡೈಲಾಗಿಗಿಂತ ಈ ಸೀನೇ ಭಾರಿ, ಅಂವ ಕಳ್ಕೊಂಡಿದ್ದು ಎಷ್ಟು ಅನ್ನೋದು ಅಂವಗ ಆ ಒಂದ್ ಗಳಿಗ್ಯಾಗ ತಿಳೀತದ. ಆದ್ರ ಆ ಹೆಂಡ್ತಿ ಪಾತ್ರಕ್ಕ ಶೋ ಇನ್ನೂ ಜಾಗಾ ಕೊಡ್ಬೇಕಿತ್ತು ಅನ್ನೋದು ನನ್ ತಕರಾರು, ಅದು ಹಂಗೇ ಅದ.

ಅವತ್ತು ಮಾಳಿಗಿ ಮ್ಯಾಲ ನಾನು ತಮ್ಮ ಅರ್ಧಾ ತಾಸು ಜಗಳಾಡಿದ ಮ್ಯಾಗ ಕಾಕಾ ಬಾಯಿ ಬಿಟ್ರು. "ಚಾರ್ಜ್ ಶೀಟ್ ಹಾಕೋದು ಬ್ಯಾರಿ, ನಿದ್ದಿ ಬರೋದು ಬ್ಯಾರಿ ತಮ್ಮಾ. ಎಷ್ಟೋ ಕೇಸಿಗಿ ಆರೋಪಿ ಸಿಗ್ಲಿಲ್ಲ ಅಂತ ಸಿ ರಿಪೋರ್ಟ್ ಹಾಕಿ ಫೈಲ್ ಕಟ್ಟಿಟ್ಟೀವಿ, ಫೈಲ್ ಮುಚ್ಚತದ, ಕಣ್ಣು ಮುಚ್ಚಂಗಿಲ್ಲ. ಅವ್ರಿಬ್ರಿಗಿ ಆ ರಾತ್ರಿ ನಿದ್ದಿ ಬಂದಿರ್ತಾದ, ಅಷ್ಟೇ ನಂಗ ತಿಳ್ದಿದ್ದು" ಅಂದು ಮಗ್ಗಲಾ ಬದಲಿಸಿದ್ರು. ಐದು ನಿಮಿಷಕ್ಕ ಗೊರಕಿ.

ಎರಡ್ನೇ ಸಲ ನೋಡೋರು ಎಂಟನೇ ಎಪಿಸೋಡ್ ಮುಗ್ದ ಕೂಡ್ಲೇ ಮೊದಲ್ನೇದು ಹಚ್ಚಿ ಕಾರಿನ ಸೀನ್ ನೋಡ್ರಿ, ನಡುವ ಒಂದಿನಾನೂ ಬಿಡಬ್ಯಾಡ್ರಿ. ತಮ್ಮಗೂ ಇದನ್ನೇ ಹೇಳಿದ್ದೆ, ಮೊನ್ನಿ ಫೋನ್ ಮಾಡಿದ್ದ. ಕೊನಿ ಮೋಸಾನೇ ಅಂತ ಇನ್ನೂ ಹಟ ಹಿಡ್ದಾನ. ಆಮ್ಯಾಲ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರ ಅಣ್ಣ, ಅವತ್ತೇ ಕಾರಿನಾಗ ಮಾರ್ಟಿ ಆ ಚಿಕ್ಕಿ ಕಥಿ ಕೇಳಿದ್ರ ಏನಾಗ್ತಿತ್ತು" ಅಂದ.