ಉಸುಕಿನ ಚೀಲ ಇಳಿಸಿದ ಮೇಲೆ

2013ರ ಬೇಸಿಗೆ. ನನಗೆ ಹದಿನಾರು. ಎಸ್ಸೆಸ್ಸೆಲ್ಸಿ ಮುಗಿದಿತ್ತು, ಪಿಯುಸಿ ಇನ್ನೂ ಶುರುವಾಗಿರಲಿಲ್ಲ. ಹಳೇ ಅಕ್ಕಿ ಚೀಲಕ್ಕೆ ಹೊಳೆಯ ಉಸುಕು ತುಂಬಿ, ಅದನ್ನು ಸ್ಕೂಲ್ ಬ್ಯಾಗಿನೊಳಗೆ ತುರುಕಿ, ದಿನಾ ಬೆಳಗ್ಗೆ ಅಂಜನಾದ್ರಿ ಬೆಟ್ಟ ಹತ್ತುತ್ತಿದ್ದೆ. 575 ಮೆಟ್ಟಿಲು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟಾಗ ಚೀಲ 18 ಕೆ.ಜಿ. ತೂಗಿತು. ನಾನಿದ್ದದ್ದು 51 ಕೆ.ಜಿ. ಪ್ಯಾರಾಚೂಟಿನಲ್ಲಿ ಇಳಿಯುವ ಸೇನೆಯ ಪ್ಯಾರಾ ಕಮಾಂಡೊ ಆಗಬೇಕು ಅನ್ನೋದು ನನ್ನ ಆಸೆ. ಅವರು ಭಾರ ಹೊತ್ತು ಓಡುತ್ತಾರೆ ಅಂತ ಮೊಬೈಲ್‌ನಲ್ಲಿ ನೋಡಿದ್ದೆ, ನಾನೂ ಹೊತ್ತೆ. ಇಳಿಯುವಾಗಲೂ ಓಡುತ್ತಲೇ ಇಳಿಯುತ್ತಿದ್ದೆ.

ಐದನೇ ವಾರಕ್ಕೆ ಎಡಗಾಲಿನಲ್ಲಿ, ಮೊಣಕಾಲ ಕೆಳಗಿನ ಎಲುಬಿನ ಮೇಲೆ, ನೋವು ಶುರುವಾಯಿತು. ಒಂದೇ ಬೆರಳಿಟ್ಟು ತೋರಿಸಬಹುದಾದಷ್ಟು ಸಣ್ಣ ಜಾಗ. ಓಡುವಾಗ ಮಾತ್ರ ಇದ್ದ ನೋವು ಆಮೇಲೆ ನಡೆಯುವಾಗಲೂ ಬಂತು, ಕೊನೆಗೆ ರಾತ್ರಿ ಮಲಗಿದಾಗಲೂ. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎರಡು ವಾರ ಬಿಟ್ಟು ಇನ್ನೊಮ್ಮೆ ತೆಗೆಸಿದಾಗ ಕೂದಲೆಳೆಯಂಥ ಬಿರುಕು. ಇಂಥ ಬಿರುಕು ಶುರುವಿನಲ್ಲಿ ಎಕ್ಸ್‌ರೇಗೆ ಸಿಗದೇ ಇರೋದು ಮಾಮೂಲು ಅಂತ ಡಾಕ್ಟರು ಹೇಳಿದರು. ಎರಡು ತಿಂಗಳು ಓಡುವಂತಿಲ್ಲ ಅಂದರು. ಹೊರಗೆ ಬಂದು ಆಸ್ಪತ್ರೆ ಕಟ್ಟೆ ಮೇಲೆ ಕೂತು ಅತ್ತುಬಿಟ್ಟೆ.

ನಮ್ಮ ಊರಲ್ಲಿ ಸೇನೆಯ ಮರಾಠಾ ಲೈಟ್ ಇನ್‌ಫಂಟ್ರಿಯಿಂದ ರಿಟೈರ್ ಆಗಿ ಬಂದ ಹವಾಲ್ದಾರರು ಒಬ್ಬರಿದ್ದರು. ನಾವೆಲ್ಲ ಕಾಕಾ ಅಂತಿದ್ದೆವು. ಬೆಳಗಾವಿಯಲ್ಲಿ ಕಮಾಂಡೊ ಕೋರ್ಸ್ ಮಾಡಿದ್ದವರು. ಸುದ್ದಿ ತಿಳಿದು ಮನೆಗೇ ಬಂದರು. ಮೂಲೆಯಲ್ಲಿದ್ದ ಬ್ಯಾಗ್ ಎತ್ತಿ ನೋಡಿದರು, ಕೆಳಗಿಟ್ಟರು.

"ತಮ್ಮಾ, ಇದನ್ನ ಹೊತ್ಕೊಂಡು ಬೆಟ್ಟ ಹತ್ತೋದು ದೊಡ್ಡದಲ್ಲ. ನಾಳೆ ಮತ್ತ ಎದ್ದು ಹತ್ತತೀ ಏನು? ನಾಡದು ಹತ್ತತೀ ಏನು? ಅಲ್ಲಿ ಅದನ್ನ ನೋಡ್ತಾರ. ನಿನ್ನ ಎಲುಬು ಇನ್ನಾ ಹಸೀದೈತಿ."

ಮುಂದೆ ಎರಡು ವರ್ಷ ನಾನು ಮಾಡಿದ್ದೆಲ್ಲ ಆ ಮಾತಿನ ಮೇಲೆಯೇ ನಿಂತಿತ್ತು. ಈಗ ಹುಡುಗರು ಬಂದು "ಅಣ್ಣಾ, ಕಮಾಂಡೊ ಆಗಬೇಕು, ಎಷ್ಟು ಕೆ.ಜಿ. ಹೊರಬೇಕು?" ಅಂತ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಬ್ಯಾಗೇ.

ಕಾಲು ವಾಸಿಯಾಗುವವರೆಗೆ ಈಜು ಕಲಿತೆ. ಮಾವನ ಹೊಲದ ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿಕೊಂಡು, ಮಾವ ದಂಡೆಯಲ್ಲಿ ಹಗ್ಗ ಹಿಡಿದು ಕೂತಿರುತ್ತಿದ್ದ. ಹೊಳೆಗೆ ಮಾತ್ರ ಇಳಿಯಲಿಲ್ಲ. ಆನೆಗುಂದಿ ಕಡೆ ತುಂಗಭದ್ರೆಯ ಬಂಡೆಗಳ ನಡುವೆ ಸುಳಿ ಇರುತ್ತದೆ, ಕಾಲುವೆಯಲ್ಲಿ ಸೆಳೆತ ಜಾಸ್ತಿ, ದಂಡೆ ನುಣುಪು, ಹಿಡಿಯೋಕೆ ಏನೂ ಸಿಗೋದಿಲ್ಲ. ಒಬ್ಬನೇ ಹೋಗಿ ಅಲ್ಲಿ ಇಳಿಯಬೇಡಿ, ಕೈಮುಗಿದು ಹೇಳುತ್ತೇನೆ.

ಮತ್ತೆ ಓಡೋಕೆ ಶುರು ಮಾಡಿದಾಗ ಕಾಕಾ ಒಂದೇ ಷರತ್ತು ಹಾಕಿದರು. ಓಡುತ್ತಾ ಪಕ್ಕದವನ ಜೊತೆ ಮಾತಾಡೋಕೆ ಆಗಬೇಕು. ಮಾತು ಕಡಿದರೆ ವೇಗ ಜಾಸ್ತಿ ಆಯಿತು ಅಂತ ಲೆಕ್ಕ. ಮೂರು ತಿಂಗಳು ಹಾಗೇ ಓಡಿದೆ, ಗದ್ದೆ ಬದಿಯ ಮಣ್ಣಿನ ದಾರಿಯಲ್ಲಿ. ಟಾರ್ ರಸ್ತೆಗಿಂತ ಅದು ಕಾಲಿಗೆ ಹಿತ. ಮೊದಲು 3 ಕಿಲೋಮೀಟರ್, ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ ವರ್ಷದ ಕೊನೆಗೆ 12. ಮೂರು ವಾರ ಏರಿಸಿದರೆ ನಾಲ್ಕನೇ ವಾರ ಕಡಿಮೆ ಮಾಡುತ್ತಿದ್ದೆ. ಆ ನಾಲ್ಕನೇ ವಾರ ಸುಮ್ನೆ ಕೂರೋದೇ ನನಗೆ ಎಲ್ಲಕ್ಕಿಂತ ಕಷ್ಟ ಆಗುತ್ತಿತ್ತು.

ಸೇನಾ ಭರ್ತಿಯ ಓಟ 1.6 ಕಿಲೋಮೀಟರ್. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ, 5.45ರೊಳಗೆ ಬಂದರೆ 48. ಅಂದರೆ 400 ಮೀಟರಿನ ನಾಲ್ಕು ಸುತ್ತು, ಒಂದೊಂದು 82 ಸೆಕೆಂಡ್. ನನ್ನ ಮೊದಲ ಓಟ 7 ನಿಮಿಷ 10 ಸೆಕೆಂಡ್. ನಿಧಾನ ಓಡಿ ಓಡಿಯೇ ಅದು 6.05ಕ್ಕೆ ಇಳಿಯಿತು. ಆಮೇಲೆ ವಾರಕ್ಕೆ ಒಂದೇ ದಿನ ಸ್ಕೂಲ್ ಗ್ರೌಂಡಿನಲ್ಲಿ ಸುಣ್ಣದ ಗೆರೆ ಹಾಕಿ 400 ಮೀಟರ್ ಜೋರಾಗಿ ಓಡೋದು, ಎರಡು ನಿಮಿಷ ನಡೆಯೋದು, ಮತ್ತೆ ಓಡೋದು. ಹೀಗೆ ಆರು ಸಲ. ಎಲ್ಲ ಸುತ್ತೂ 80 ಸೆಕೆಂಡಿಗೆ ಬರಬೇಕು. ಮೊದಲನೇದು 70, ಕೊನೇದು 95 ಬಂದರೆ ಕಾಕಾ ಆ ದಿನವನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಭರ್ತಿ ದಿನ ಗುಂಪಿನ ಜೊತೆ ಮೊದಲ ಸುತ್ತಲ್ಲೇ ಜೀವ ಬಿಟ್ಟು ಓಡಿ, ಮೂರನೇ ಸುತ್ತಲ್ಲಿ ನಿಂತುಬಿಡುವ ಹುಡುಗರನ್ನು ನೋಡಿದಾಗ ಅದು ಯಾಕೆ ಅಂತ ಗೊತ್ತಾಯಿತು.

ಬೀಮ್ (ಅಡ್ಡ ಕಂಬಿ ಹಿಡಿದು ಗದ್ದ ಮೇಲೆ ಬರುವ ಹಾಗೆ ಮೈ ಎಳೆಯೋದು) 10 ಹೊಡೆದರೆ 40 ಅಂಕ. ನನಗೆ ಬರುತ್ತಿದ್ದದ್ದು ಎರಡು. ದನದ ಕೊಟ್ಟಿಗೆಗೆ ಅಡ್ಡ ಪೈಪ್ ಕಟ್ಟಿಸಿಕೊಂಡೆ. ಹೋಗ್ತಾ ಬರ್ತಾ ಒಂದು ಹೊಡೆಯೋದು, ದಿನಕ್ಕೆ ಎಂಟು ಹತ್ತು ಸಲ, ಸುಸ್ತಾಗುವಷ್ಟು ಯಾವತ್ತೂ ಇಲ್ಲ. ಸಂಜೆ ಮಾತ್ರ ಸ್ಟೂಲ್ ಮೇಲೆ ನಿಂತು ಗದ್ದವನ್ನು ಪೈಪಿನ ಮೇಲಿಟ್ಟು, ಐದು ಎಣಿಸುತ್ತಾ ನಿಧಾನ ಇಳಿಯೋದು. ಎಂಟು ತಿಂಗಳಿಗೆ 13 ಆಯಿತು.

ಈಗ ಕಾಲಿನ ವಿಷಯ. ಇದನ್ನು ಯಾರೂ ಹೇಳಿಕೊಡೋದಿಲ್ಲ. ಕಾಕಾ ತಮ್ಮ ಹಳೇ ಬೂಟು ತಂದು ಕಟ್ಟೆ ಮೇಲೆ ಇಟ್ಟು ತೋರಿಸಿದ್ದರು. ಕಾಲುಚೀಲದ ಒಂದು ಸಣ್ಣ ಮಡಿಕೆ ಸಾಕು, 10 ಕಿಲೋಮೀಟರಿಗೆ ಗುಳ್ಳೆ ಎದ್ದು ಒಡೆಯುತ್ತದೆ. ಕಾಲುಚೀಲವನ್ನು ಒಳಹೊರಗು ಮಾಡಿ ಎಳೆ ಹೊರಬಂದಿದೆಯಾ ನೋಡಬೇಕು. ಹಾಕಿಕೊಂಡ ಮೇಲೆ ಬೆರಳಿನಿಂದ ಹಿಮ್ಮಡಿಯ ತನಕ ಅಂಗೈಯಲ್ಲಿ ಸವರಬೇಕು. ಹಿಮ್ಮಡಿಯನ್ನು ಬೂಟಿನ ಹಿಂಭಾಗಕ್ಕೆ ಕುಟ್ಟಿ ಕೂರಿಸಿ, ಆಮೇಲೆ ಲೇಸ್. ಬೆರಳ ಹತ್ತಿರ ಸಡಿಲ, ಮೇಲೆ ಬಿಗಿ. ದಾರಿಯಲ್ಲಿ ಎಲ್ಲಾದರೂ ಬಿಸಿ ಅನ್ನಿಸಿತು ಅಂದರೆ ಆಗಲೇ ಕೂತು ಬಿಚ್ಚಿ ನೋಡಬೇಕು, ಮುಂದಿನ ಊರು ಬರಲಿ ಅಂತ ಕಾಯಬಾರದು. ರಾತ್ರಿ ಕಾಲು ತೊಳೆದು, ಬೆರಳ ಸಂದಿಗಳನ್ನು ಒಣಬಟ್ಟೆಯಲ್ಲಿ ಒರೆಸಿ ಮಲಗಬೇಕು. ದಿನಾ ಇದನ್ನು ಮಾಡಿಸುತ್ತಿದ್ದರು.

ಭಾರವನ್ನು ಮತ್ತೆ ಮುಟ್ಟಿದ್ದು ಹದಿನೆಂಟು ತುಂಬಿದ ಮೇಲೆ. 5 ಕೆ.ಜಿ.ಯಿಂದ ಶುರು, ಹದಿನೈದು ದಿನಕ್ಕೆ ಒಂದು ಕೆ.ಜಿ. ಏರಿಕೆ, 12ಕ್ಕೆ ನಿಲ್ಲಿಸಿದೆ. ಬರೀ ನಡಿಗೆ, ಓಟ ಇಲ್ಲ. ವಾರಕ್ಕೆ ಒಂದೇ ದಿನ. ಉಸುಕು ಜಾರಿ ಕೆಳಗೆ ಕೂರದ ಹಾಗೆ ಕಂಬಳಿಯಲ್ಲಿ ಸುತ್ತಿ, ಬೆನ್ನಿಗೆ ಅಂಟಿಕೊಂಡು ಮೇಲ್ಭಾಗದಲ್ಲಿ ಇರುವಂತೆ ಕಟ್ಟುತ್ತಿದ್ದೆ. ಅಂಜನಾದ್ರಿ ಮೆಟ್ಟಿಲನ್ನು ಖಾಲಿ ಬೆನ್ನಲ್ಲಿ ಹತ್ತುತ್ತಿದ್ದೆ. ಇಳಿಯುವಾಗ ಒಂದೊಂದೇ ಮೆಟ್ಟಿಲು. ಶನಿವಾರ ಹನುಮಪ್ಪನ ಭಕ್ತರ ಗದ್ದಲ, ಅವತ್ತು ಹೋಗುತ್ತಿರಲಿಲ್ಲ. ಉಳಿದ ದಿನ ಕತ್ತಲಲ್ಲೇ ಮೇಲೆ ಸೇರಿದರೆ ಗದ್ದೆಗಳು, ಹೊಳೆ, ಆಚೆ ದಂಡೆಯ ಹಂಪಿ ಒಂದೊಂದಾಗಿ ಬೆಳಕಿಗೆ ಬರುತ್ತಿದ್ದವು.

ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಏಳು ಗಂಟೆಯೊಳಗೆ ಎಲ್ಲ ಮುಗಿಸಬೇಕು. ಓಡುವಾಗ ಬೆವರು ನಿಂತು ಮೈ ಕಾದರೆ, ತಲೆ ಸುತ್ತಿದರೆ, ಮಾತು ತೊದಲಿದರೆ ಅದು ಛಲ ತೋರಿಸುವ ಹೊತ್ತಲ್ಲ. ನೆರಳಿಗೆ ಬಂದು ಮೈಮೇಲೆ ನೀರು ಸುರಿದು, ಗಾಳಿ ಹಾಕಿ ಆಸ್ಪತ್ರೆಗೆ ಹೋಗಬೇಕು.

ಊಟಕ್ಕೆ ಡಬ್ಬಿ ಪುಡಿ ಏನೂ ಇರಲಿಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಯ, ನೆನೆಸಿದ ಹೆಸರುಕಾಳು, ಶೇಂಗಾ ಬೆಲ್ಲ, ಎರಡು ಮೊಟ್ಟೆ, ಉಪ್ಪು ಹಾಕಿದ ಮಜ್ಜಿಗೆ. ರಾತ್ರಿ ಒಂಬತ್ತಕ್ಕೆ ಮಲಗಿಬಿಡುತ್ತಿದ್ದೆ. ಕಮಾಂಡೊಗಳಿಗೆ ನಿದ್ದೆ ಇರಲ್ಲ ಅಂತ ಕೆಲವು ಹುಡುಗರು ಈಗಿನಿಂದಲೇ ನಿದ್ದೆಗೆಡುತ್ತಾರೆ. ಬೆಳೆಯುವ ಮೈಗೆ ಅದು ಬರೀ ನಷ್ಟ.

ಕಾಕಾ ತಿಂಗಳಿಗೊಮ್ಮೆ ಅಮಾವಾಸ್ಯೆ ಆಸುಪಾಸಿನಲ್ಲಿ ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದರು, ಟಾರ್ಚ್ ಇಲ್ಲದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳೋಕೆ ಅರ್ಧ ಗಂಟೆ ಬೇಕು. ಒಂದು ಸಲ ಮೊಬೈಲ್ ನೋಡಿದರೂ ಮತ್ತೆ ಮೊದಲಿನಿಂದ. ನಮ್ಮ ಕಡೆ ಧ್ರುವ ನಕ್ಷತ್ರ ತುಂಬಾ ಕೆಳಗಿರುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ನೆಲದಂಚಿನಿಂದ ಒಂದೂವರೆ ಮುಷ್ಟಿ ಮೇಲೆ. ಗುಡ್ಡ ಅಡ್ಡ ಬಂದರೆ ಕಾಣೋದೇ ಇಲ್ಲ. ಆಗ ಸಪ್ತರ್ಷಿ ಮಂಡಲದಿಂದ ದಿಕ್ಕು ಅಂದಾಜು ಮಾಡಬೇಕು.

2015ರಲ್ಲಿ ಭರ್ತಿಗೆ ಹೋದೆ. ಓಟ 5.21. ಬೀಮ್ 10. ಒಂಬತ್ತು ಅಡಿ ಗುಂಡಿ ಹಾರಿದೆ. ನನಗಿಂತ ಮುಂದೆ ಓಡಿದ ಗೆಳೆಯನೊಬ್ಬ ತೋಳಿನ ಮೇಲಿನ ಹಚ್ಚೆಯಿಂದಾಗಿ ಹೊರಗೆ ಬಂದ. ಮುಂಗೈ ಒಳಭಾಗ, ಅಂಗೈ ಹಿಂಭಾಗ ಬಿಟ್ಟು ಬೇರೆ ಕಡೆ ಹಚ್ಚೆ ಇದ್ದರೆ ಕಷ್ಟ. ಜಾತ್ರೆಯಲ್ಲಿ ಹಾಕಿಸಿಕೊಂಡಿದ್ದು ಪಾಪ. ಎರಡು ವರ್ಷ ನನ್ನ ಜೊತೆ ಓಡಿದವನು ಅವನು, ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ. ಇನ್ನೊಂದು: ದುಡ್ಡು ಕೊಟ್ಟರೆ ಮೆಡಿಕಲ್ ಪಾಸ್ ಮಾಡಿಸ್ತೀನಿ ಅಂತ ಒಬ್ಬ ಅಪ್ಪನ ಬಳಿ ಬಂದಿದ್ದ. ಅಪ್ಪ ಹೊಲ ಅಡ ಇಡೋಕೂ ತಯಾರಾಗಿದ್ದರು. ಕಾಕಾ ತಡೆದರು. ಯಾರಿಗೂ ಒಂದು ರೂಪಾಯಿ ಕೊಡಬೇಡಿ.

ಈಗ ದಾರಿ ಬದಲಾಗಿದೆ. 2022ರಿಂದ ಅಗ್ನಿಪಥ, ನಾಲ್ಕು ವರ್ಷದ ಸೇವೆಗೆ ಸೇರಿಸಿಕೊಳ್ಳುವ ಯೋಜನೆ. ಹದಿನೇಳೂವರೆ ವರ್ಷ ತುಂಬಿರಬೇಕು. ಈಗ ಮೊದಲು ಆನ್‌ಲೈನ್ ಪರೀಕ್ಷೆ, ಅದರಲ್ಲಿ ಪಾಸಾದವರಿಗೆ ಮಾತ್ರ ಮೈದಾನ. ಕೊಪ್ಪಳ, ರಾಯಚೂರಿನವರಿಗೆ ಬೆಳಗಾವಿ ಭರ್ತಿ ಕಚೇರಿ. ಹಾಗಾಗಿ ಗಣಿತ, ಸಾಮಾನ್ಯ ಜ್ಞಾನವನ್ನು ಓಟದಷ್ಟೇ ದಿನಾ ಮಾಡಿ. ಹಿಂದಿ ಕಲಿಯಿರಿ, ಅಲ್ಲಿ ಆರ್ಡರ್ ಎಲ್ಲ ಹಿಂದಿಯಲ್ಲೇ.

ನನಗೆ ಮರಾಠಾ ರೆಜಿಮೆಂಟ್ ಸಿಕ್ಕಿತು. ಕಾಕಾ ಖುಷಿಯಿಂದ, ಈಗಿನ 21 ಪ್ಯಾರಾ ಕಮಾಂಡೊ ಪಡೆ ಮೊದಲು 21 ಮರಾಠಾ ಆಗಿತ್ತು ಅಂತ ಹೇಳಿದರು. ಪ್ಯಾರಾಗೆ ಯಾರೂ ಕಳಿಸೋದಿಲ್ಲ, ನಾವೇ ಕೈ ಎತ್ತಬೇಕು. ಟ್ರೇನಿಂಗ್ ಮುಗಿಸಿ ಯೂನಿಟ್‌ನಲ್ಲಿ ಸ್ವಲ್ಪ ಕಾಲ ಇದ್ದು ನಾನು ಎತ್ತಿದೆ. ಪ್ರೊಬೇಷನ್, ಅಂದರೆ ತಕ್ಕವರನ್ನು ಆರಿಸುವ ಪರೀಕ್ಷೆಯ ಅವಧಿ, ತಿಂಗಳುಗಟ್ಟಲೆ ನಡೆಯುತ್ತದೆ, ಬೇಡ ಅಂದರೆ ಯಾವ ಹೊತ್ತಿನಲ್ಲೂ ವಾಪಸ್ ಹೋಗಬಹುದು. ಒಳಗಿನ ವಿಷಯ ಬರೆಯೋದಿಲ್ಲ. ಇಷ್ಟು ಹೇಳಬಹುದು: ನನಗಿಂತ ಗಟ್ಟಿಯಾದವರು, ಜೋರಾಗಿ ಓಡುವವರು ಕಾಲು ಕೆಟ್ಟು ವಾಪಸ್ ಹೋದರು. ಅದು ಮುಗಿದ ಮೇಲೆ ಆಗ್ರಾದಲ್ಲಿ ಐದು ಪ್ಯಾರಾಚೂಟ್ ಜಂಪ್.

ಅದಾದ ಮೇಲಿನ ಮೊದಲ ರಜೆಗೆ ಊರಿಗೆ ಬಂದ ಸಂಜೆಯೇ ಕಾಕಾ ಮನೆಗೆ ಹೋದೆ. ಪ್ಯಾರಾದವರ ಮೆರೂನ್ ಟೋಪಿಯನ್ನು ಚೀಲದಿಂದ ತೆಗೆದು ಅವರ ಕೈಗಿಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡರು. ಆಮೇಲೆ ಮಡಿಲಲ್ಲಿ ಇಟ್ಟುಕೊಂಡು ನನ್ನ ಕಡೆ ನೋಡಿದರು.

"ಬೂಟು ಬಿಚ್ಚು, ಕಾಲು ತೋರಿಸು."

ಬಿಚ್ಚಿ ತೋರಿಸಿದೆ. ಹಿಮ್ಮಡಿ, ಬೆರಳ ಸಂದಿ ಎಲ್ಲ ನೋಡಿದರು. ಒಳಗೆ ತಿರುಗಿ, ತಮ್ಮನಿಗೆ ಚಹಾ ಮಾಡ್ರಿ ಅಂದರು.