ಮೊದಲ ದೀರ್ಘ ಪಾದಯಾತ್ರೆ: ದಿನಕ್ಕೆ ಎಷ್ಟು ಕಿ.ಮೀ. ಇಟ್ಟುಕೊಳ್ಳಬೇಕು?

ಒಟ್ಟು ದೂರವನ್ನು ರಜೆಯ ದಿನಗಳಿಂದ ಭಾಗಿಸಿ "ದಿನಕ್ಕೆ 30 ಕಿ.ಮೀ." ಅಂತ ಬರೆದುಕೊಳ್ಳಬೇಡಿ. ಮೊದಲ ಯಾತ್ರೆ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಇದರಿಂದಲೇ.

ಬೆನ್ನಿಗೆ ಚೀಲ ಹೊತ್ತಾಗ ಸಮತಟ್ಟು ದಾರಿಯಲ್ಲಿ ಗಂಟೆಗೆ 4 ಕಿ.ಮೀ. ಎಂದು ಹಿಡಿಯಿರಿ. ಪ್ರತಿ 100 ಮೀಟರ್ ಏರಿಗೆ 10 ನಿಮಿಷ ಸೇರಿಸಿ. ಗಂಟೆಗೊಮ್ಮೆ 10 ನಿಮಿಷ ಕೂತು, ಮಧ್ಯೆ ಊಟವನ್ನೂ ಮುಗಿಸಿದರೆ 20 ಕಿ.ಮೀ.ಗೆ ಸುಮಾರು 7 ಗಂಟೆ ಬೇಕು. ಕಡಿದಾದ ಇಳಿಜಾರನ್ನು ಸುಲಭ ಅಂದುಕೊಳ್ಳಬೇಡಿ, ಮೊಣಕಾಲು ಕೆಡುವುದು ಅಲ್ಲಿಯೇ.

ಮೊದಲ 3 ದಿನ 12ರಿಂದ 15 ಕಿ.ಮೀ. ಸಾಕು. ಇನ್ನೂ ನಡೆಯಬಹುದು ಅನ್ನಿಸುತ್ತದೆ, ಆದರೂ ನಿಲ್ಲಿಸಿ. ಸ್ನಾಯುನೋವು ಜೋರಾಗುವುದು ಒಂದೆರಡು ದಿನ ತಡವಾಗಿ. ಪಾದದ ಚರ್ಮ, ಹಿಮ್ಮಡಿಯ ಸ್ನಾಯುರಜ್ಜು ಒಗ್ಗಿಕೊಳ್ಳಲು ಇನ್ನೂ ಹೆಚ್ಚು ದಿನ ಬೇಕು. ನಾಲ್ಕನೇ ದಿನದಿಂದ 18–20. ತಂಗಲು ಜಾಗ ಸಿಗದೆ 25 ದಾಟಲೇಬೇಕಾದರೆ ಮರುದಿನ ಅರ್ಧಕ್ಕೆ ಇಳಿಸಿ. 6–7 ದಿನಕ್ಕೊಂದು ಖಾಲಿ ದಿನ ಇರಲಿ. ಮಳೆ, ಜ್ವರ, ಬೊಬ್ಬೆ ಎಲ್ಲಕ್ಕೂ ಅದೇ ಆಸರೆ.

ಗುಂಪಿದ್ದರೆ ಅತಿ ನಿಧಾನದವರ ವೇಗವೇ ಲೆಕ್ಕ. ಚೀಲ ದೇಹತೂಕದ ಹತ್ತನೇ ಒಂದು ಭಾಗ ಮೀರದಿರಲಿ. ಪಾದದಲ್ಲಿ ಎಲ್ಲಿಯಾದರೂ ಉರಿ ಶುರುವಾದರೆ ಮುಂದಿನ ಊರಿನವರೆಗೆ ಕಾಯದೆ ಅಲ್ಲಿಯೇ ಕೂತು ಟೇಪ್ ಅಂಟಿಸಿ.

ಹೊರಡುವುದಕ್ಕೆ ಒಂದು ತಿಂಗಳು ಮೊದಲು ಅದೇ ಶೂ, ಅದೇ ಚೀಲದೊಂದಿಗೆ ಸತತ 2 ದಿನ, ದಿನಕ್ಕೆ 15 ಕಿ.ಮೀ. ನಡೆದು ನೋಡಿ. ಎರಡನೇ ಬೆಳಿಗ್ಗೆ ಕುಂಟುವಂತಾದರೆ ಯೋಜನೆಯ ಪ್ರತಿದಿನದ ದೂರದಲ್ಲಿ ಕಾಲುಭಾಗ ಕಡಿಮೆ ಮಾಡಿ.