ಡ್ಯೂಟಿಗೂ ರೇಸಿಗೂ ಒಂದೇ ಡ್ರ್ಯಾಗ್ ರೇಡಿಯಲ್: ನಮ್ ಬಳ್ಳಾರಿ ರೋಡಿಗೆ ಯಾವ್ದು ತಗೋಬೇಕು

ಕಾರಿಗೆ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡ್ಸಿ ಟಾರ್ಕ್, ಅಂದ್ರೆ ಚಕ್ರ ತಿರುಗಿಸೋ ಬಲ, ಜಾಸ್ತಿ ಆದ್ಮೇಲೆ ಫಸ್ಟ್ ಗೇರಲ್ಲಿ ಟೈರ್ ಸುಮ್ನೆ ಸುತ್ತೋಕೆ ಶುರುವಾಗ್ತೈತೆ, ಆವಾಗ್ಲೇ ಎಲ್ರಿಗೂ ಡ್ರ್ಯಾಗ್ ರೇಡಿಯಲ್ ನೆನಪಾಗೋದು, ಅಂದ್ರೆ ನಿಂತಲ್ಲಿಂದ ನೆಟ್ಟಗೆ ಓಡೋ ಡ್ರ್ಯಾಗ್ ರೇಸಿಗೆ ಅಂತ ಮಾಡಿದ ಮೆತ್ತನೆ ರಬ್ಬರಿನ ಟೈರು. ಅಣ್ಣ, ದಿನಾ ತೋರಣಗಲ್ಲಿಗೆ ಡ್ಯೂಟಿಗೆ ಹೋಗೋಕೂ ಇದೇ ಟೈರ್, ರೇಸಿಗೂ ಇದೇ ಟೈರ್ ಆಗ್ತೈತಾ ಅಂತ ಹುಡುಗ್ರು ಕೇಳ್ತಾರೆ. ಆಗ್ತೈತೆ, ಆದ್ರೆ ವಾರಕ್ಕೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ, ಯಾವ ರೋಡಲ್ಲಿ ಓಡಿಸ್ತೀರಿ ಅಂತ ಮೊದ್ಲು ಲೆಕ್ಕ ಹಾಕ್ರಿ, ಬ್ರ್ಯಾಂಡ್ ಮಾತು ಆಮೇಲೆ.

ಮೊದ್ಲು ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮೇಲಿರೋ ಟ್ರೆಡ್‌ವೇರ್ ನಂಬರ್, ಅಂದ್ರೆ ಟೈರ್ ಎಷ್ಟು ಬೇಗ ಸವೀತೈತೆ ಅಂತ ತೋರ್ಸೋ ಅಂಕಿ, ನೋಡ್ರಿ. ಕಂಪನಿಯಿಂದ ಬರೋ ಮಾಮೂಲಿ ಟೈರಿಗೆ 300ರಿಂದ 500 ಇರ್ತೈತೆ, ಟೊಯೊ ಆರ್888ಆರ್‌ಗೆ 100, ಮಿಕ್ಕಿ ಥಾಂಪ್ಸನ್ ಇಟಿ ಸ್ಟ್ರೀಟ್ ಆರ್ ತರದ ಅಸಲಿ ಡ್ರ್ಯಾಗ್ ರೇಡಿಯಲ್‌ಗೆ ಬರೀ ಸೊನ್ನೆ. ನಂಬರ್ ಕಡಿಮೆ ಆದಷ್ಟೂ ರಬ್ಬರ್ ಮೆತ್ತಗೆ, ಹಿಡಿತ ಜಾಸ್ತಿ, ಸವೆಯೋದೂ ಬೇಗ. ಜೊತೆಗೆ ಡಿಒಟಿ ಮಾರ್ಕ್ (ರೋಡ್ ಟೈರ್ ಅನ್ನೋ ಅಮೆರಿಕದ ಗುರುತು) ಇರ್ಬೇಕು, ಅದಿಲ್ಲದ ಸ್ಲಿಕ್, ಅಂದ್ರೆ ಗೀರೇ ಇಲ್ಲದ ನುಣ್ಣನೆ ಟೈರ್, ಬರೀ ಟ್ರ್ಯಾಕಿಗೆ, ರೋಡಿಗೆ ತರ್ಲೇಬೇಡ್ರಿ.

ಆದ್ರೆ ಒಣ ರೋಡಿನ ಹಿಡಿತ ನೋಡಿ ಖುಷಿಪಟ್ಟು ಮಳೆ ಮರೀಬೇಡ್ರಿ. ಮಾಮೂಲಿ ಕಾರ್ ಟೈರ್ ಹೊಸದಿದ್ದಾಗ ಗೀರು 8 ಮಿಲಿಮೀಟರ್ ಆಸುಪಾಸು ಆಳ ಇರ್ತಾವೆ, ಡ್ರ್ಯಾಗ್ ರೇಡಿಯಲ್‌ಗೆ ಹೆಚ್ಚೂಕಮ್ಮಿ ಅದ್ರ ಅರ್ಧ, ಅದೂ ಕೆಲವೇ ಕೆಲವು ಗೀರು, ನೀರು ಹೊರಗೆ ಹೋಗೋಕೆ ಜಾಗನೇ ಇರಲ್ಲ. ನಾನು ಒಂದ್ಸಲ ಸೆಪ್ಟೆಂಬರ್ ಮಳೇಲಿ ಕುಡತಿನಿ ದಾಟಿ ಬರ್ತಿದ್ದೆ, ಸ್ಪೀಡ್ 70 ಕೂಡ ಇರ್ಲಿಲ್ಲ, ರೋಡ್ ಮೇಲೆ ಅದಿರು ಧೂಳು ನೀರಿಗೆ ಕಲಸಿ ಕೆಂಪು ರಾಡಿ ಆಗಿತ್ತು, ಮುಂದಿನ ಲಾರಿ ಬ್ರೇಕ್ ಹಾಕಿದ್ಕೆ ನಾನೂ ಹಾಕ್ದೆ, ಸ್ಟೇರಿಂಗ್ ತಿರುಗಿಸ್ತಿದೀನಿ ಕಾರು ಮಾತ್ರ ನೆಟ್ಟಗೆ ಹೋಗ್ತಾ ಐತೆ. ಬದಿಗೆ ಜಾಗ ಇತ್ತು, ಉಳ್ಕೊಂಡೆ. ಅವತ್ತಿಂದ ಮೋಡ ಕಂಡ್ರೆ ಆ ಟೈರ್ ಹಾಕಿ ಗಾಡಿ ತೆಗೆಯಲ್ಲ. ಸಿರುಗುಪ್ಪ ಕಡೆ ಎರೆಹೊಲದ ಟ್ರ್ಯಾಕ್ಟರ್ ರೋಡಿಗೆ ಮಣ್ಣು ತಂದು ಬಿಟ್ಟಿರ್ತಾವಲ್ಲ, ಮಳೆ ಬಂದ್ರೆ ಅದು ಇನ್ನೂ ಮೋಸ. ಕಾನೂನಲ್ಲೂ ಕಾರಿನ ಟೈರಿಗೆ ಕನಿಷ್ಠ 1.6 ಮಿಲಿಮೀಟರ್ ಗೀರು ಇರ್ಬೇಕು, ಡ್ರ್ಯಾಗ್ ರೇಡಿಯಲ್ ಆ ಮಟ್ಟಕ್ಕೆ ಬಹಳ ಬೇಗ ಬಂದ್ಬಿಡ್ತೈತೆ.

ಸೈಜ್ ವಿಷ್ಯದಲ್ಲಿ ಎಲ್ರೂ ಅಗಲ ಒಂದೇ ನೋಡ್ತಾರೆ, ನನ್ ಪ್ರಕಾರ ಸೈಡ್‌ವಾಲ್ ಎತ್ತರ ಅದಕ್ಕಿಂತ ಮುಖ್ಯ. ಲಾಂಚ್ ಆಗೋವಾಗ, ಅಂದ್ರೆ ನಿಂತಲ್ಲಿಂದ ಜೋರಾಗಿ ಹೊರಡೋವಾಗ, ಸೈಡ್‌ವಾಲ್ ಸ್ವಲ್ಪ ಮಡಚ್ಕೊಂಡು ಆ ಝಟ್ಕಾ ನುಂಗ್ಬೇಕು, ದೊಡ್ಡ ಅಲಾಯ್‌ಗೆ ತೆಳ್ಳನೆ ಟೈರ್ ಹಾಕಿದ್ರೆ ಅದು ಆಗಲ್ಲ. ಕಾರಿಗೆ 225/40 ಆರ್ 18 (ಅಗಲ 225 ಮಿಲಿಮೀಟರ್, ಸೈಡ್‌ವಾಲ್ ಅದ್ರ ಶೇಕಡ 40, ರಿಮ್ 18 ಇಂಚು) ಇದ್ರೆ ಟೈರಿನ ಒಟ್ಟು ಎತ್ತರ 637 ಮಿಲಿಮೀಟರ್, ಅದ್ರ ಬದ್ಲು 225/45 ಆರ್ 17 ಹಾಕಿದ್ರೆ 634, ಅಂದ್ರೆ ಸ್ಪೀಡೋಮೀಟರಿಗೆ ಹೆಚ್ಚೇನೂ ವ್ಯತ್ಯಾಸ ಇಲ್ಲ, ಸೈಡ್‌ವಾಲ್ ಮಾತ್ರ 90ರಿಂದ 101 ಮಿಲಿಮೀಟರ್ ಆಗ್ತೈತೆ. ನಮ್ ಗುಂಡಿ ರೋಡಿಗೂ ಅದೇ ಒಳ್ಳೇದು. ಆದ್ರೆ 17 ಇಂಚಿನ ಅಲಾಯ್ ಒಳಗೆ ಬ್ರೇಕ್ ಕ್ಯಾಲಿಪರ್ ಕೂರ್ತೈತಾ ಅಂತ ಒಂದನ್ನ ಹಾಕಿ ತಿರುಗಿಸಿ ನೋಡಿ ಆಮೇಲೆ ಜೋಡಿ ತಗೊಳ್ರಿ. ಲೋಡ್ ಇಂಡೆಕ್ಸ್ (ಟೈರ್ ಹೊರೋ ತೂಕದ ಅಂಕಿ) ಕಂಪನಿ ಟೈರಿಗಿಂತ ಕಡಿಮೆ ಇರಬಾರ್ದು, 91 ಅಂದ್ರೆ ಒಂದು ಟೈರಿಗೆ 615 ಕೆಜಿ.

ಹಾಕೋದು ಎಂಜಿನ್ ಎಳೆಯೋ ಚಕ್ರಕ್ಕೆ. ಅಮೆರಿಕದ ವಿಡಿಯೋ ನೋಡಿ ಹಿಂದೆ ಹಾಕಿಸ್ಕೊಂಡು ಬಂದೋರು ಅದಾರೆ, ಪೋಲೊ, ಸ್ವಿಫ್ಟ್, ಆಕ್ಟೇವಿಯಾ ಎಲ್ಲಾ ಮುಂದಿನ ಚಕ್ರದ ಗಾಡಿ, ಅದಕ್ಕೆ ಮುಂದೆನೇ ಬೇಕು. ಹಂಗೆ ಹಾಕಿದಾಗ ಹಿಂದಿನ ಟೈರ್ ಹಳೇದು ಗಟ್ಟಿ ಆಗಿದ್ರೆ ತಿರುವಲ್ಲಿ ಹಿಂಭಾಗ ಜಾರ್ತೈತೆ, ಹಿಂದೆನೂ ಒಳ್ಳೇ ಟೈರ್ ಇರ್ಲಿ.

ತಗೋಳೋವಾಗ ಇನ್ನೊಂದು. 2020ರ ಜೂನ್‌ನಲ್ಲಿ ಸರ್ಕಾರ ಹೊಸ ಟೈರ್ ಇಂಪೋರ್ಟ್ ಮೇಲೆ ನಿರ್ಬಂಧ ಹಾಕ್ತು, ಅದ್ರಿಂದ ಈ ಟೈರ್ ಅಂಗಡೀಲಿ ಸಿಗೋದು ಕಷ್ಟ, ಹಳೇ ಸ್ಟಾಕು ಸೆಕೆಂಡ್‌ಹ್ಯಾಂಡು ಜಾಸ್ತಿ ಓಡಾಡ್ತಾವೆ. ಡಿಒಟಿ ಕೋಡಿನ ಕೊನೇ ನಾಲ್ಕು ಅಂಕಿ ಓದ್ರಿ, 1822 ಅಂದ್ರೆ 2022ರ 18ನೇ ವಾರ. ಗೀರು ಫುಲ್ ಐತೆ ಅಂದ್ರೂ ಉಗುರು ಒತ್ತಿ ನೋಡ್ರಿ, ಹಲವು ಸಲ ಕಾದು ತಣ್ಣಗಾದ ರಬ್ಬರ್ ಕಲ್ಲಾಗಿರ್ತೈತೆ, ಆಮೇಲೆ ಅದಕ್ಕೆ ಕೊಟ್ಟ ದುಡ್ಡು ದಂಡ.

ಈಗ ನನ್ ತೀರ್ಮಾನ. ದಿನಾ 50-60 ಕಿಲೋಮೀಟರ್ ಓಡಿಸೋರು ಸೊನ್ನೆ ನಂಬರಿನ ಟೈರ್ ದಿನಬಳಕೆಗೆ ಹಾಕ್ಲೇಬೇಡ್ರಿ, ಮೈನ್ಸ್ ಲಾರಿಯಿಂದ ಬಿದ್ದ ಚೂಪು ಕಲ್ಲೆಲ್ಲಾ ಆ ಮೆತ್ತನೆ ರಬ್ಬರ್ ಎತ್ಕೊಂಡು ಚಕ್ರದ ಗೂಡಿಗೆ ಹೊಡೀತಾ ಇರ್ತೈತೆ, ಏಪ್ರಿಲ್ ಬಿಸಿಲಿಗೆ ಸೀಸದ ಕಡ್ಡಿ ತರ ಸವೀತೈತೆ. ಎರಡು ಹಳೇ ಅಲಾಯ್ ಹುಡುಕಿ ಅದಕ್ಕೆ ಡ್ರ್ಯಾಗ್ ರೇಡಿಯಲ್ ಕೂರ್ಸಿ ಇಟ್ಕೊಳ್ರಿ, ಟ್ರ್ಯಾಕಲ್ಲಿ ಜಾಕ್ ಹಾಕಿ ಬದಲಾಯಿಸೋಕೆ ಅರ್ಧ ಗಂಟೆ. ಚೆನ್ನೈ ಹತ್ರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಹೋಗ್ಬೇಕಂದ್ರೂ 500 ಕಿಲೋಮೀಟರ್ ಆಸುಪಾಸು ಐತೆ, ಅಷ್ಟು ದೂರ ರೇಸ್ ಟೈರಲ್ಲೇ ಓಡ್ಸಿದ್ರೆ ಅಲ್ಲಿ ಹೋಗೋ ಹೊತ್ತಿಗೆ ಏನು ಉಳೀತೈತೆ? ಭಾನುವಾರ ಮಾತ್ರ ತೆಗೆಯೋ ಗಾಡಿ ಆದ್ರೆ 100 ನಂಬರಿಂದು ಸಾಕು, ಅದೊಂದ್ರಲ್ಲೇ ಎರಡೂ ನಡೀತೈತೆ. ಊರ ಬೈಪಾಸಲ್ಲಿ ರೇಸ್ ಮಾತ್ರ ಬೇಡ, ಮೋಟಾರು ವಾಹನ ಕಾಯ್ದೆ 189ನೇ ಸೆಕ್ಷನ್‌ನಲ್ಲಿ ಮೊದಲ ಸಲಕ್ಕೇ 5,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲೂ ಐತೆ, ಎದುರಿಗೆ ಬರೋನು ಯಾರ ಮನೆ ಮಗನೋ.

ಟೈರಿನ ಗಾಳಿ ಬೆಳಿಗ್ಗೆ ಟೈರ್ ತಣ್ಣಗಿದ್ದಾಗ್ಲೇ ನೋಡ್ರಿ, ಬಿಸಿಲಲ್ಲಿ ನಿಂತ ಗಾಡೀಲಿ ಎರಡು ಮೂರು ಪಿಎಸ್‌ಐ ಜಾಸ್ತಿ ತೋರಿಸ್ತೈತೆ. ರೋಡಿಗೆ ಕಂಪನಿ ಹೇಳಿದಷ್ಟೇ, ಅಂದ್ರೆ 30-33. ಟ್ರ್ಯಾಕಲ್ಲಿ ಡ್ರ್ಯಾಗ್ ರೇಡಿಯಲ್‌ಗೆ 20ರಿಂದ ಶುರು ಮಾಡಿ ಒಂದೊಂದೇ ಇಳಿಸ್ತಾ ಬರ್ರಿ, ಪ್ರತಿ ರನ್ ಆದ್ಮೇಲೆ ಮೊದಲ 60 ಅಡಿಯ ಟೈಮ್ ಬರೆದಿಟ್ಕೊಳ್ರಿ, ಟೈಮ್ ಇಳಿಯೋದು ನಿಂತಲ್ಲಿ ನೀವೂ ನಿಲ್ರಿ. ಟ್ರ್ಯಾಕಲ್ಲಿ ಟೈರ್ ಸುತ್ತಿಸೋಕೆ ನೀರು ಹಾಕಿದ ಜಾಗಕ್ಕೆ ಇಳೀದೆ ಪಕ್ಕದಿಂದ ಬರ್ರಿ, ಗೀರಲ್ಲಿ ನೀರು ಕೂತ್ರೆ ಲಾಂಚ್ ಹೊತ್ತಿಗೆ ಕೆಳಗೆ ಸೋರ್ತೈತೆ, ಒಣ ನೆಲದಲ್ಲಿ ಎರಡು ಮೂರು ಸೆಕೆಂಡ್ ಟೈರ್ ಸುತ್ತಿಸಿ ಬಿಸಿ ಮಾಡಿದ್ರೆ ಸಾಕು. ವಾಪಸ್ ಹೊರಡೋ ಮುಂಚೆ ರೋಡ್ ಟೈರ್ ಹಾಕಿ 50 ಕಿಲೋಮೀಟರ್ ಆದ್ಮೇಲೆ ಎಲ್ಲಾದ್ರೂ ಚಾ ಕುಡಿಯೋಕೆ ನಿಂತಾಗ ನಟ್ ಇನ್ನೊಂದ್ಸಲ ಬಿಗಿ ಮಾಡ್ರಿ, ಮನೆಗೆ ಬಂದ್ಮೇಲೆ ರೇಸ್ ಟೈರ್ ಮಾಳಿಗೆ ಮೇಲೆ ಬಿಸಿಲಿಗೆ ಬಿಡ್ದೆ ಕಪ್ಪು ಕವರಲ್ಲಿ ಸುತ್ತಿ ಒಳಗೆ ನೆರಳಲ್ಲಿ ಇಡ್ರಿ.